ನಂಬಿ ಇಟ್ಟ ಕಾಗದಗಳು

ವ್ಯವಹಾರದಲ್ಲಿ ಒಬ್ಬರು ಮತ್ತೊಬ್ಬರಲ್ಲಿ ವಿಶ್ವಾಸವಿರಿಸಿ ಒಪ್ಪಿಸುವ ವಸ್ತುವಿಗೆ ಶಾಸ್ತ್ರದಲ್ಲಿ ನ್ಯಾಸವೆಂದು ಹೆಸರು. ಗೃಹಸ್ಥನ ಅಣುವ್ರತಗಳನ್ನು ವಿವರಿಸುವ ತತ್ತ್ವಾರ್ಥಸೂತ್ರವು ನ್ಯಾಸಾಪಹಾರವನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸದೆ ಸತ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಮೇಲುನೋಟಕ್ಕೆ ಇದು ವಿಚಿತ್ರವೆನಿಸಬಹುದು. ಪರರ ವಸ್ತುವನ್ನು ಉಳಿಸಿಕೊಳ್ಳುವುದು ಕಳ್ಳತನವಲ್ಲವೇ? ಆದರೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆಯನ್ನು ನೋಡಿದರೆ ಅದರ ಮರ್ಮ ತಿಳಿಯುತ್ತದೆ. ಹಣವನ್ನು ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇರಿಸಿಕೊಂಡವನು ‘ಹೌದು, ಅಷ್ಟೇ’ ಎಂದು ಕೊಟ್ಟು ಸುಮ್ಮನಾಗುತ್ತಾನೆ. ಇಲ್ಲಿ ಯಾರೂ ಕನ್ನ ಕೊರೆದಿಲ್ಲ, ಬೀಗ ಮುರಿದಿಲ್ಲ. ಮುರಿದದ್ದು ಮಾತು. ಅದೇ ಸಾಲಿನಲ್ಲಿ ರಹೋಭ್ಯಾಖ್ಯಾನವೆಂಬ ಇನ್ನೊಂದು ಅತಿಚಾರವೂ ಇದೆ. ಏಕಾಂತದಲ್ಲಿ ನಡೆದುದನ್ನು ಹೊರಗೆ ಪ್ರಕಟಿಸುವುದೇ ಅದು.

ಈ ಎರಡು ಅತಿಚಾರಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ದಿನನಿತ್ಯ ನಡೆಯಬೇಕಾದ ವೃತ್ತಿಗಳಲ್ಲಿ ವಕೀಲಿಯೂ ಒಂದು. ವಕೀಲರ ಬಳಿ ಜನರು ಕಾಗದಪತ್ರಗಳನ್ನು ಇಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಮನೆಯವರಿಗೂ ಹೇಳದ ಮಾತುಗಳನ್ನು ಇಡುತ್ತಾರೆ. ಈ ಮಾತುಗಳನ್ನು ಕಕ್ಷಿದಾರರ ಸ್ಪಷ್ಟ ಸಮ್ಮತಿಯಿಲ್ಲದೆ ಹೊರಗೆಡಹಕೂಡದೆಂದು 1872ರ ಸಾಕ್ಷ್ಯ ಅಧಿನಿಯಮದ 126ನೆಯ ಪ್ರಕರಣ ವಿಧಿಸಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ತನ್ನ 132ನೆಯ ಪ್ರಕರಣದಲ್ಲಿ ಅದೇ ಕಟ್ಟಳೆಯನ್ನು ಉಳಿಸಿಕೊಂಡಿದೆ. ವಕೀಲರ ಗುಮಾಸ್ತರಿಗೂ ನೌಕರರಿಗೂ ಭಾಷಾಂತರಕಾರರಿಗೂ ಅದು ಅನ್ವಯಿಸುತ್ತದೆ. ಎಂದರೆ ಕಾನೂನಿನ ದೃಷ್ಟಿಯಲ್ಲಿ ಗುಮಾಸ್ತನ ಕಿವಿಯು ವಕೀಲನ ಕಿವಿಯೇ. ಕಚೇರಿಯೆಂದರೆ ನಾಲ್ಕು ಗೋಡೆ, ಒಂದು ಕಪಾಟು, ಒಬ್ಬ ಗುಮಾಸ್ತ ಎಂದಿದ್ದ ಕಾಲದಲ್ಲಿ ಇಷ್ಟು ಸಾಕಾಗಿತ್ತು. ಗೋಡೆಗಳೇ ಇಲ್ಲದ ಕಚೇರಿ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಧಾರವಾಡದ ಒಂದು ಚಿಕ್ಕ ವಕೀಲಿ ಕಚೇರಿಯನ್ನು ಕೆಲವು ವರ್ಷ ಕಾಡಿತು. ಅವರು ಆ ಪ್ರಶ್ನೆಯನ್ನು ಬಗೆಹರಿಸಿಕೊಂಡ ರೀತಿ ಇತರರಿಗೂ ವಿಚಾರಾರ್ಹವಾಗಿದೆ.

ಆ ಕಚೇರಿ ಹಿರಿಯ ವಕೀಲರೊಬ್ಬರದು. ಅವರ ತಂದೆ 1961ರಲ್ಲಿ ವಕೀಲಿ ಆರಂಭಿಸಿದ್ದು ಅದೇ ಎರಡು ಕೋಣೆಗಳಲ್ಲಿ. ಈಗ ಅಲ್ಲಿ ಹಿರಿಯರು, ವಕೀಲೆಯಾಗಿರುವ ಅವರ ಮಗಳು, ಇಬ್ಬರು ಕಿರಿಯ ವಕೀಲರು, ಮೂವತ್ತೊಂದು ವರ್ಷಗಳಿಂದ ಇರುವ ಗುಮಾಸ್ತರು, ವಾರಕ್ಕೆರಡು ದಿನ ಬಂದು ಲೆಕ್ಕ ಬರೆಯುವ ಒಬ್ಬರು, ಇಷ್ಟೇ ಜನ. ದಿವಾಣಿ ದಾವೆಗಳು, ಪಾಲುವಾಟ್ನಿಯ ತಂಟೆಗಳು, ಜೀವನಾಂಶದ ಅರ್ಜಿಗಳು, ಅಪರೂಪಕ್ಕೆ ಕೆಲವು ಫೌಜದಾರಿ ಪ್ರಕರಣಗಳು. ಧಾರವಾಡದಲ್ಲಿ 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ಮೇಲ್ಮನವಿಗಳೂ ಹೆಚ್ಚಿದವು. ಕಡತಗಳು ಬಟ್ಟೆಯ ರುಮಾಲುಗಳಲ್ಲಿ ಕಟ್ಟಿ ಇಡಲ್ಪಟ್ಟಿದ್ದವು. ತಾರೀಖುಗಳು ದೊಡ್ಡ ಡೈರಿಯಲ್ಲಿದ್ದವು. ಡೈರಿಯಲ್ಲಿ ಇಲ್ಲದ್ದೆಲ್ಲ ಗುಮಾಸ್ತರ ತಲೆಯಲ್ಲಿತ್ತು.

ಈ ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೆಂದಲ್ಲ. 2019ರ ಆಗಸ್ಟಿನ ಮಹಾಮಳೆಯಲ್ಲಿ ಹಿಂದಿನ ಕೋಣೆಯ ಗೋಡೆ ಸೋರಿ ಕೆಳಗಿನ ಕಪಾಟಿನ ರುಮಾಲುಗಳು ತೊಯ್ದವು. ಕೈಬರಹದ ಹಳೆಯ ವಾಟ್ನಿಪತ್ರವೊಂದರ ಶಾಯಿ ಹರಡಿ ಎರಡು ಸರ್ವೆ ನಂಬರುಗಳು ಓದಲಾರದಂತಾದವು. ಮರುವರ್ಷ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಿತು. ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 15ರಿಂದ ಕಾಲಪರಿಮಿತಿಯ ಎಣಿಕೆಯನ್ನೇ ತಡೆಹಿಡಿದು ಎಲ್ಲರಿಗೂ ಉಪಕಾರ ಮಾಡಿತು. ಆದರೆ ಹಸಿವಿಗೆ ಕಾಲಪರಿಮಿತಿಯ ವಿನಾಯಿತಿ ಇಲ್ಲ. ಇಬ್ಬರು ಮಕ್ಕಳ ತಾಯಿಯೊಬ್ಬಳ ಜೀವನಾಂಶದ ಅರ್ಜಿ ವಿಡಿಯೊ ಮೂಲಕ ವಿಚಾರಣೆಗೆ ಬಂದಾಗ, ಗಂಡನ ಸಂಬಳದ ದಾಖಲೆಗಳಿದ್ದ ಕಡತ ಬೀಗ ಹಾಕಿದ ಕಚೇರಿಯಲ್ಲಿತ್ತು. ವಾದಿಸಬೇಕಾದ ಕಿರಿಯ ವಕೀಲ ತನ್ನ ಊರಿನಲ್ಲಿದ್ದ. ವಿಚಾರಣೆ ಮುಂದಕ್ಕೆ ಹೋಯಿತು. ಆ ತಾಯಿ ಮತ್ತೂ ಕೆಲವು ವಾರ ತವರಿನವರ ಮುಖ ನೋಡಬೇಕಾಯಿತು.

ಕ್ಲೌಡ್ ಆಧಾರಿತ ಕಚೇರಿ ನಿರ್ವಹಣೆಯ ಪ್ರಸ್ತಾಪವನ್ನು ಮಗಳು ಮುಂದಿಟ್ಟದ್ದು ಈ ಹಿನ್ನೆಲೆಯಲ್ಲಿ. “ಅಪ್ಪಾ, ಕಾಗದ ಕಾಯೂದು ನಮ್ಮ ಕೆಲಸ ಖರೆ. ಆದರ ಬೇಕಾದಾಗ ಕೈಗೆ ಸಿಗಲಿಲ್ಲ ಅಂದ್ರ ಕಾಯ್ದು ಏನು ಬಂತು?” ಎಂಬುದು ಆಕೆಯ ವಾದವಾಗಿತ್ತು. ಹಿರಿಯರು ಇದಕ್ಕೆ ಒಡನೆ ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ.

ಈ ವ್ಯವಸ್ಥೆಯ ಸ್ವರೂಪವನ್ನು ಸ್ಥೂಲವಾಗಿ ಹೇಳುವುದು ಯುಕ್ತ. ಕಕ್ಷಿದಾರರ ವಿವರ, ಪ್ರಕರಣಗಳ ತಾರೀಖು, ದಾವೆ ಮತ್ತು ಕೈಫಿಯತ್ತುಗಳ ಪ್ರತಿ, ಸಾಕ್ಷ್ಯದ ಕಾಗದಗಳು, ಟಿಪ್ಪಣಿಗಳು, ಶುಲ್ಕದ ಲೆಕ್ಕ, ಕಕ್ಷಿದಾರರಿಂದ ಬಂದ ಹಣದ ಖಾತೆ ಎಲ್ಲವೂ ಒಂದೇ ಕಡೆ ಸೇರುತ್ತವೆ. ಕಚೇರಿಯ ಯಾವ ವ್ಯಕ್ತಿಯಾದರೂ ಗುಪ್ತಪದವನ್ನು ಕೊಟ್ಟು ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ ಅವನ್ನು ನೋಡಬಹುದು. ದೇಶದ ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳಲ್ಲಿ ಇ-ಕೋರ್ಟ್ಸ್ ಯೋಜನೆಯಡಿ ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುವುದರಿಂದ, ಆ ಸಂಖ್ಯೆಯ ಆಧಾರದ ಮೇಲೆ ಮುಂದಿನ ತಾರೀಖೂ ತಾನಾಗಿ ಬಂದು ಸೇರುವಂತೆ ಮಾಡಬಹುದು. ಕ್ಲೌಡ್, ಅಂದರೆ ಮೋಡ, ಎಂಬ ಹೆಸರು ಮಾತ್ರ ಭ್ರಮೆ ಹುಟ್ಟಿಸುವಂಥದು. ಆಕಾಶದಲ್ಲಿ ಏನೂ ಇರುವುದಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಮೊದಲಾದ ಕಡೆ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾಲುಸಾಲಾಗಿ ನಿಂತ ಕಂಪ್ಯೂಟರುಗಳಲ್ಲಿ ಅದು ಇರುತ್ತದೆ. ಆ ಕಟ್ಟಡ ಒಬ್ಬರದು, ಅದರ ಮೇಲೆ ತಂತ್ರಾಂಶ ನಡೆಸುವ ಕಂಪನಿ ಇನ್ನೊಬ್ಬರದು, ಕಾಗದ ಮೂರನೆಯವರದು. ವಕೀಲರು ಅದನ್ನು ಕೊಳ್ಳುವುದಿಲ್ಲ. ತಿಂಗಳಿಗೋ ವರ್ಷಕ್ಕೋ ಇಷ್ಟೆಂದು ಬಾಡಿಗೆ ಕೊಡುತ್ತಾರೆ.

ಈ ಬಾಡಿಗೆಯ ವಿಚಾರವನ್ನು ಹಿರಿಯರು ಕೆಲವು ಹಳೆಯ ಕಕ್ಷಿದಾರರ ಬಳಿ ಪ್ರಸ್ತಾಪಿಸಿದರು. ಬಹುಮಂದಿ ‘ನಿಮಗೆ ತಿಳಿದಂತೆ ಮಾಡಿರಿ’ ಎಂದರು. ಅಣ್ಣತಮ್ಮಂದಿರ ವಿರುದ್ಧ ಆಸ್ತಿಯ ಪಾಲಿಗಾಗಿ ಹೋರಾಡುತ್ತಿದ್ದ ವಿಧವೆಯೊಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ನಿಮ್ಮ ಕಪಾಟಿನ ಕೀಲಿ ಯಾರ ಕಡೆ ಇರತೈತಿ ಅನ್ನೂದು ನನಗ ಗೊತ್ತೈತ್ರಿ, ವಕೀಲರ. ಆ ಕಪಾಟಿನ ಕೀಲಿ ಯಾರ ಕಡೆ ಐತ್ರಿ?”

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗಿಂತ ಮೂಲಭೂತವಾದ ಪ್ರಶ್ನೆ ಈ ವಿಷಯದಲ್ಲಿ ಇನ್ನೊಂದಿಲ್ಲ. ಕ್ಲೌಡಿನಲ್ಲಿ ಇಟ್ಟ ಕಾಗದಗಳನ್ನು ಗೂಢಲಿಪಿಗೆ ತಿರುಗಿಸಿ ಇಡಲಾಗುತ್ತದೆ ಎಂದು ಕಂಪನಿಗಳು ಹೇಳುತ್ತವೆ; ಅದು ನಿಜವೂ ಹೌದು. ಆದರೆ ಗೂಢಲಿಪಿಯನ್ನು ಬಿಡಿಸುವ ಕೀಲಿ ಸಾಮಾನ್ಯವಾಗಿ ಕಂಪನಿಯ ಕೈಯಲ್ಲಿಯೇ ಇರುತ್ತದೆ. ಹಾಗಿಲ್ಲದಿದ್ದರೆ ಕಡತಗಳೊಳಗೆ ಹುಡುಕಿಕೊಡುವುದು, ಗುಪ್ತಪದ ಮರೆತವರಿಗೆ ಮತ್ತೆ ಬಾಗಿಲು ತೆರೆದುಕೊಡುವುದು ಕಷ್ಟ. ಸೌಲಭ್ಯ ಮತ್ತು ಗೋಪ್ಯ ಇಲ್ಲಿ ಒಂದೇ ತಕ್ಕಡಿಯ ಎರಡು ತಟ್ಟೆಗಳು.

ಹಿರಿಯರು ಎರಡು ಕಂಪನಿಗಳಿಗೆ ಒಂದೇ ಒಕ್ಕಣೆಯ ಪತ್ರ ಬರೆದು ಆರು ಪ್ರಶ್ನೆಗಳನ್ನು ಕೇಳಿದರು. ಕಾಗದಗಳು ಭೌತಿಕವಾಗಿ ಯಾವ ದೇಶದಲ್ಲಿ ಇರುತ್ತವೆ? ನಿಮ್ಮ ನೌಕರರಲ್ಲಿ ಯಾರು ಯಾವ ಸಂದರ್ಭದಲ್ಲಿ ಅವನ್ನು ತೆರೆಯಬಲ್ಲರು, ತೆರೆದುದರ ದಾಖಲೆ ಇರುತ್ತದೆಯೇ? ಯಾವುದಾದರೂ ಅಧಿಕಾರಿ ಕೇಳಿದರೆ ಕೊಡುವ ಮುನ್ನ ನಮಗೆ ತಿಳಿಸುವಿರಾ? ಕಳವಾದರೆ ಎಷ್ಟು ಗಂಟೆಗಳಲ್ಲಿ ತಿಳಿಸುವಿರಿ? ನಾವು ಬಿಟ್ಟು ಹೋಗುವಾಗ ಎಲ್ಲವನ್ನೂ ಎಷ್ಟು ದಿನಗಳಲ್ಲಿ, ಯಾವ ರೂಪದಲ್ಲಿ ಹಿಂದಿರುಗಿಸುವಿರಿ? ಹಿಂದಿರುಗಿಸಿದ ಮೇಲೆ ನಿಮ್ಮಲ್ಲಿರುವ ಪ್ರತಿಗಳನ್ನು, ಮುಂಜಾಗ್ರತೆಯ ಪ್ರತಿಗಳನ್ನೂ ಸೇರಿಸಿ, ಯಾವಾಗ ಅಳಿಸುವಿರಿ?

ಮೊದಲ ಕಂಪನಿಯಿಂದ ಬಣ್ಣಬಣ್ಣದ ಪ್ರಚಾರಪತ್ರ ಬಂದಿತು. ಎರಡನೆಯ ಕಂಪನಿ ಆರು ಪ್ರಶ್ನೆಗಳಿಗೂ ಉತ್ತರಿಸಿತು. ನಾಲ್ಕಕ್ಕೆ ತೃಪ್ತಿಕರವಾಗಿ, ಎರಡಕ್ಕೆ ನಕಾರವಾಗಿ. ಕೀಲಿಯನ್ನು ಸಣ್ಣ ಕಚೇರಿಗಳ ಕೈಗೆ ಕೊಡುವ ಏರ್ಪಾಡು ತಮ್ಮಲ್ಲಿಲ್ಲವೆಂದೂ, ತಿಳಿಸಕೂಡದೆಂಬ ಕಾನೂನಿನ ಆಜ್ಞೆಯೇ ಬಂದರೆ ಮುಂಚಿತವಾಗಿ ತಿಳಿಸಲಾರೆವೆಂದೂ ಅದು ಬರೆದಿತ್ತು. ಹಿರಿಯರು ಆರಿಸಿದ್ದು ಎರಡನೆಯದನ್ನು. ಆಗದುದನ್ನು ಆಗದೆಂದು ಬರೆದುಕೊಟ್ಟವರ ಉಳಿದ ನಾಲ್ಕು ಮಾತುಗಳನ್ನು ನಂಬಬಹುದೆಂಬುದು ಅವರ ತರ್ಕ. ಆ ಎರಡು ನಕಾರಗಳ ಪರಿಣಾಮವನ್ನು ತಾವೇ ಹೊರಬೇಕೆಂಬುದನ್ನೂ ಅವರು ಬಲ್ಲರು.

ಹಿಂದಿರುಗಿಸುವ ಪ್ರಶ್ನೆಯನ್ನು ಅವರು ಒತ್ತಿ ಕೇಳಿದುದಕ್ಕೆ ಕಾರಣವಿತ್ತು. ಶುಲ್ಕ ಬಾಕಿಯಿದೆಯೆಂಬ ಕಾರಣಕ್ಕೆ ಕಕ್ಷಿದಾರನ ಕಡತವನ್ನು ವಕೀಲನು ತಡೆಹಿಡಿಯಬಹುದೇ ಎಂಬ ಪ್ರಶ್ನೆ ಆರ್. ಡಿ. ಸಕ್ಸೇನಾ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಹಾಗೆ ಹಿಡಿದಿಡುವ ಹಕ್ಕು ವಕೀಲನಿಗಿಲ್ಲ, ಶುಲ್ಕಕ್ಕೆ ಬೇರೆ ದಾರಿಯಿದೆ, ಕಡತ ಕಕ್ಷಿದಾರನದು ಎಂದು 2000ದಲ್ಲಿ ತೀರ್ಪಾಯಿತು. ಈಗ ಬಾಡಿಗೆಯ ಕಪಾಟನ್ನು ಊಹಿಸಿರಿ. ವಕೀಲರ ಆದಾಯ ಕುಗ್ಗಿತು, ಬಾಡಿಗೆ ನಿಂತಿತು, ಕಂಪನಿ ಬಾಗಿಲು ಹಾಕಿತು. ಬಾಕಿ ವಕೀಲರದು, ತಡೆಹಿಡಿಯಲ್ಪಟ್ಟ ಕಾಗದ ಕಕ್ಷಿದಾರರದು. ತಾನು ಮಾಡಕೂಡದೆಂದು ನ್ಯಾಯಾಲಯ ಹೇಳಿದ್ದನ್ನು ವಕೀಲನು ಇನ್ನೊಬ್ಬರ ಕೈಯಿಂದ ಮಾಡಿಸಿದಂತಾಗುತ್ತದೆ. ಆದ್ದರಿಂದ ಬಾಡಿಗೆ ನಿಂತರೂ ಇಂತಿಷ್ಟು ದಿನ ಕಾಗದಗಳನ್ನು ಹೊರತೆಗೆಯಲು ಅವಕಾಶವಿರಬೇಕೆಂಬ ಮಾತನ್ನು ಕರಾರಿನಲ್ಲಿ ಬರೆಸಿದ ಮೇಲೆಯೇ ಅವರು ಸಹಿ ಮಾಡಿದರು. ಇದರ ಜೊತೆಗೆ, ಎಲ್ಲ ಕಡತಗಳ ಒಂದು ಪ್ರತಿಯನ್ನು ತಿಂಗಳಿಗೊಮ್ಮೆ ಇಳಿಸಿಕೊಂಡು, ಬೀಗವುಳ್ಳ ಡಿಸ್ಕಿನಲ್ಲಿ ಕಚೇರಿಯಲ್ಲೇ ಇಡುವ ಪದ್ಧತಿಯನ್ನು ಇಟ್ಟುಕೊಂಡರು.

ಕಂಪನಿಯ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳಲು ಕಾನೂನೂ ಬಿಡುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕರ್ತವ್ಯಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿಯನ್ನು ಇಡಲಾಗಿದೆ. ಜನರ ಮಾಹಿತಿಯನ್ನು ಏತಕ್ಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವವನನ್ನು ಆ ಅಧಿನಿಯಮ ಫಿಡ್ಯೂಷಿಯರಿ ಎಂದು ಕರೆಯುತ್ತದೆ. ನ್ಯಾಸಧಾರಿ ಎಂಬುದಕ್ಕಿಂತ ಅದು ಬಹಳ ದೂರದ ಮಾತಲ್ಲ. ತನ್ನ ಪರವಾಗಿ ಇನ್ನೊಬ್ಬರು ಆ ಮಾಹಿತಿಯನ್ನು ನಿರ್ವಹಿಸಿದರೂ ಹೊಣೆ ಅವನದೇ. ಹೊರುವ ಹೆಗಲು ಬದಲಾಗಬಹುದು. ಉತ್ತರ ಹೇಳಬೇಕಾದ ಬಾಯಿ ಬದಲಾಗುವುದಿಲ್ಲ.

ಕರಾರಾದ ಮೇಲೆ ಸಾವಿರಕ್ಕೂ ಮೇಲ್ಪಟ್ಟ ಕಡತಗಳ ಪ್ರತಿ ತೆಗೆಯುವ ಕೆಲಸ ಎದುರಾಯಿತು. ಪೇಟೆಯ ಅಂಗಡಿಯೊಂದು ಪುಟಕ್ಕಿಷ್ಟೆಂದು ಹೇಳಿ ಹದಿನೈದು ದಿನಗಳಲ್ಲಿ ಸ್ಕ್ಯಾನ್ ಮಾಡಿಕೊಡಲು ಮುಂದೆ ಬಂದಿತು. ದರ ಕಡಿಮೆಯೇ. ಆದರೆ ಗುಮಾಸ್ತರು ಅಂಗಡಿಗೆ ಹೋಗಿ ಬಂದು ಹಿರಿಯರಿಗೆ ಮೆಲ್ಲನೆ ಹೇಳಿದ ಸಂಗತಿ ಎಲ್ಲರನ್ನೂ ಎಚ್ಚರಿಸಿತು. ಅಲ್ಲಿ ಯಂತ್ರದ ಮುಂದೆ ಕುಳಿತಿದ್ದ ಹುಡುಗ ಆ ವಿಧವೆಯ ಅಣ್ಣನ ಮಗನೇ ಆಗಿದ್ದ. ಅವನು ಒಳ್ಳೆಯ ಹುಡುಗನೇ ಇರಬಹುದು. ಆದರೂ ಅತ್ತೆಯು ತನ್ನ ವಕೀಲರಿಗೆ ಹೇಳಿಕೊಂಡ ಮಾತುಗಳ ಟಿಪ್ಪಣಿ ಅವನ ಕೈಯಲ್ಲಿ ಪುಟಪುಟವಾಗಿ ಹಾದುಹೋಗುತ್ತಿತ್ತು. ಮುಂಬಯಿಯ ಕಟ್ಟಡದ ಬಗ್ಗೆ ತಿಂಗಳುಗಟ್ಟಲೆ ಚಿಂತಿಸಿದವರಿಗೆ ಅಪಾಯ ಎರಡು ಓಣಿಗಳಾಚೆ ಕುಳಿತಿರುವುದು ಕಾಣದೆ ಹೋಗುತ್ತಿತ್ತು. ಚಿಕ್ಕ ಊರಿನಲ್ಲಿ ಗೋಪ್ಯಕ್ಕೆ ಕಂಟಕ ಬರುವುದು ದೂರದ ಅಪರಿಚಿತರಿಂದ ಮಾತ್ರವೇ ಅಲ್ಲ. ಹತ್ತಿರದ ಪರಿಚಿತರಿಂದಲೂ ಬರುತ್ತದೆ.

ಕಚೇರಿಯಲ್ಲೇ ಒಂದು ಸ್ಕ್ಯಾನರು ಕೊಂಡು, ಗುಮಾಸ್ತರೂ ಒಬ್ಬ ಕಿರಿಯ ವಕೀಲರೂ ಪ್ರತಿದಿನ ಸಂಜೆ ಎರಡು ಗಂಟೆ ಕುಳಿತು ಎಂಟು ತಿಂಗಳಲ್ಲಿ ಆ ಕೆಲಸ ಮುಗಿಸಿದರು. ನಿಧಾನವಾದುದರಿಂದ ಒಂದು ಲಾಭವೂ ಆಯಿತು. ಪ್ರತಿ ರುಮಾಲನ್ನೂ ಬಿಚ್ಚಿ ನೋಡಿದಾಗ, ಮುಗಿದ ಪ್ರಕರಣಗಳ ಕಡತಗಳಲ್ಲಿ ಮೂಲ ಖರೀದಿಪತ್ರಗಳು, ಶಾಲೆಯ ಪ್ರಮಾಣಪತ್ರಗಳು, ಬಂಗಾರದ ಅಡವಿನ ರಸೀದಿಗಳು ಸಿಕ್ಕವು. ಅರ್ಜಿಗೆ ಬೇಕಾದೀತೆಂದು ಕಕ್ಷಿದಾರರು ಸಹಿ ಹಾಕಿಟ್ಟು ಹೋಗಿದ್ದ ಖಾಲಿ ಹಾಳೆಗಳೂ ಇದ್ದವು. ಖಾಲಿ ಹಾಳೆಗಳನ್ನು ಆಯಾ ಜನರಿಗೆ ಫೋನು ಮಾಡಿ ತಿಳಿಸಿ ಹರಿದುಹಾಕಲಾಯಿತು. 1987ರ ಒಂದು ಖರೀದಿಪತ್ರ ಹಿರಿಯರ ತಂದೆಯ ಕಾಲದ್ದು. ಅದನ್ನು ಕೊಟ್ಟಿದ್ದ ರೈತ ತೀರಿಕೊಂಡಿದ್ದ. ಮಕ್ಕಳು ಅದು ಕಳೆದುಹೋಯಿತೆಂದೇ ತಿಳಿದು ನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಪಡೆದಿದ್ದರು. ಯಾರೂ ಕೇಳಿರಲಿಲ್ಲ, ಕೇಳುವವರೂ ಇರಲಿಲ್ಲ. ಗುಮಾಸ್ತರು ಬಸ್ಸಿನಲ್ಲಿ ಹಳ್ಳಿಗೆ ಹೋಗಿ, ಮಕ್ಕಳಿಂದ ರಸೀದಿ ಪಡೆದು ಅದನ್ನು ಒಪ್ಪಿಸಿ ಬಂದರು. ಇಟ್ಟವನು ಮರೆತಾಗ ಇರಿಸಿಕೊಂಡವನು ನೆನಪಿಸಬೇಕೆಂಬ ಆ ಪ್ರಾಚೀನ ವಿವೇಕಕ್ಕೆ ಸ್ಕ್ಯಾನರು ನಿಮಿತ್ತವಾಯಿತು. ಬೇಡದುದನ್ನು ಕೂಡಿಡುವ ಅಭ್ಯಾಸವೂ ಒಂದು ಪರಿಗ್ರಹವೇ. ಹೊಸ ಮನೆಗೆ ಹೋಗುವಾಗಲೇ ಹಳೆಯ ಮನೆಯಲ್ಲಿ ಎಷ್ಟು ಕೂಡಿದೆಯೆಂಬುದು ತಿಳಿಯುತ್ತದೆ.

ಮುಂದಿನ ಪ್ರಶ್ನೆ ಯಾರು ಏನನ್ನು ನೋಡಬಹುದೆಂಬುದು. ಕಾಗದದ ಕಚೇರಿಯಲ್ಲಿ ಇದಕ್ಕೆ ಅಲಿಖಿತ ಕ್ರಮವಿತ್ತು. ಲೆಕ್ಕ ಬರೆಯುವವರು ಶುಲ್ಕದ ಪುಸ್ತಕ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಕಿರಿಯ ವಕೀಲನ ಬಂಧುವೇ ಎದುರಾಳಿಯಾಗಿದ್ದ ಪ್ರಕರಣದ ಕಡತ ಹಿರಿಯರ ಮನೆಯಲ್ಲಿರುತ್ತಿತ್ತು. ಹೊಸ ವ್ಯವಸ್ಥೆಯನ್ನು ತೆರೆದ ದಿನ ನೋಡಿದರೆ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು. ಪ್ರತಿ ಕಡತಕ್ಕೂ ಯಾರಿಗೆ ಪ್ರವೇಶವೆಂದು ಬೇರೆಬೇರೆಯಾಗಿ ನಿಗದಿ ಮಾಡುವ ಅನುಕೂಲ ಅದರಲ್ಲಿಯೇ ಇತ್ತು. ಆದರೆ ಯಾರಾದರೂ ಕುಳಿತು ಮಾಡಬೇಕು. ಮಗಳು ಒಂದು ವಾರ ಅದನ್ನೇ ಮಾಡಿದಳು. ಒಬ್ಬೊಬ್ಬರಿಗೂ ಪ್ರತ್ಯೇಕ ಗುಪ್ತಪದ, ಅದರ ಮೇಲೆ ಮೊಬೈಲಿಗೆ ಬರುವ ಎರಡನೆಯ ಸಂಖ್ಯೆ, ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ಮುಚ್ಚುವ ನಿಯಮ, ಇವು ಸಣ್ಣವಾಗಿ ಕಂಡರೂ ಕಟ್ಟಡದ ಬೀಗಕ್ಕಿಂತ ಮುಖ್ಯವಾದವು. ಇಂಥ ಕಳವುಗಳಲ್ಲಿ ಬಹಳಷ್ಟು ನಡೆಯುವುದು ಕಟ್ಟಡ ಒಡೆದಲ್ಲ. ಮೋಸದ ಮಿಂಚಂಚೆಗೆ ಮರುಳಾಗಿ ಯಾರೋ ಗುಪ್ತಪದವನ್ನು ತಾವೇ ಒಪ್ಪಿಸುವುದರಿಂದ.

ಕಕ್ಷಿದಾರರ ಸಮ್ಮತಿ ಪಡೆಯುವುದು ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸವಾಗಿತ್ತು. ಒಂದು ಪುಟದ ಕನ್ನಡ ಪತ್ರ ಸಿದ್ಧವಾಯಿತು. ಜನರು ಬಂದರು, ಎಲ್ಲಿ ಸಹಿ ಹಾಕಬೇಕೆಂದು ಕೇಳಿದರು, ಹಾಕಿದರು, ಹೋದರು. ಮೂರು ದಿನ ಇದನ್ನು ನೋಡಿದ ಹಿರಿಯರು ಅದನ್ನು ನಿಲ್ಲಿಸಿದರು. ಓದದ ಸಮ್ಮತಿ ಸಮ್ಮತಿಯಲ್ಲ. ಖಾಲಿ ಹಾಳೆಯ ಸಹಿಗೂ ಅದಕ್ಕೂ ಅಂತರ ಕಡಿಮೆ. ಅಂದಿನಿಂದ ಗುಮಾಸ್ತರು ಪ್ರತಿಯೊಬ್ಬರನ್ನೂ ಕೂಡಿಸಿಕೊಂಡು ಪತ್ರವನ್ನು ಓದಿ ಹೇಳತೊಡಗಿದರು: ನಿಮ್ಮ ಕಾಗದ ಇಲ್ಲಿಯೂ ಇರುತ್ತದೆ, ಕಂಪನಿಯ ಯಂತ್ರದಲ್ಲಿಯೂ ಇರುತ್ತದೆ, ಕೀಲಿ ನಮ್ಮ ಬಳಿ ಒಂದು, ಅವರ ಬಳಿ ಒಂದು, ಬೇಡವೆಂದರೆ ಇಡುವುದಿಲ್ಲ, ಅದರಿಂದ ನಿಮ್ಮ ಕೆಲಸಕ್ಕೆ ಕೊರತೆಯಾಗದು. ಏಳು ಜನ ಬೇಡವೆಂದರು. ಅವರಲ್ಲಿ ಆ ವಿಧವೆಯೂ ಒಬ್ಬರು. ಅವರ ಕಡತಗಳು ಕಬ್ಬಿಣದ ಕಪಾಟಿನಲ್ಲಿಯೇ ಉಳಿದವು. ಯಂತ್ರದಲ್ಲಿ ಹೆಸರಿಲ್ಲದೆ ಪ್ರಕರಣದ ಸಂಖ್ಯೆ ಮತ್ತು ತಾರೀಖು ಮಾತ್ರ ನಮೂದಾದವು. ಏಳು ಜನರಿಗಾಗಿ ಎರಡು ಪದ್ಧತಿ ನಡೆಸುವುದು ತೊಡಕೆಂದು ಕಿರಿಯರು ಗೊಣಗಿದರು. ತೊಡಕು ಹೌದು. ಆದರೆ ಬೇಡವೆನ್ನಲು ಆಗದ ಕಡೆ ಬೇಕೆಂಬ ಮಾತಿಗೆ ಬೆಲೆಯಿರುವುದಿಲ್ಲ.

ಒಪ್ಪಿದವರ ವಿಷಯದಲ್ಲಿಯೂ ತಂದೆ ಮಗಳ ನಡುವೆ ಒಂದು ಭಿನ್ನಾಭಿಪ್ರಾಯ ಉಳಿದಿತ್ತು. ನ್ಯಾಯಾಲಯಕ್ಕೆ ಈಗಾಗಲೇ ಹೋಗಿರುವ ದಾವೆ, ಕೈಫಿಯತ್ತು, ಆದೇಶಗಳು ಯಂತ್ರದಲ್ಲಿರಲಿ. ಕಕ್ಷಿದಾರನು ಕಿವಿಯಲ್ಲಿ ಹೇಳಿದುದರ ಟಿಪ್ಪಣಿ ಕಾಗದದಲ್ಲಿಯೇ ಇರಲಿ ಎಂಬುದು ಹಿರಿಯರ ನಿಲುವು. ಟಿಪ್ಪಣಿಯೇ ಇಲ್ಲದಿದ್ದರೆ ನಡುವೆ ಎದ್ದು ವಾದಿಸಬೇಕಾದ ಕಿರಿಯನಿಗೆ ಪ್ರಕರಣದ ಜೀವಾಳವೇ ತಿಳಿಯದು, ಹಾನಿ ಕಕ್ಷಿದಾರನಿಗೇ ಎಂಬುದು ಮಗಳ ನಿಲುವು. ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದುದರಿಂದ ವಾದ ಬೇಗ ಮುಗಿಯಲಿಲ್ಲ. ಕೊನೆಗೆ, ವಾದಕ್ಕೆ ಬೇಕಾದ ಸಾರವನ್ನು ಯಂತ್ರದಲ್ಲಿ ಬರೆಯಬೇಕು, ಹೊರಬಿದ್ದರೆ ಮಾನ, ಪ್ರಾಣ ಅಥವಾ ಸ್ವಾತಂತ್ರ್ಯಕ್ಕೆ ಕುಂದು ತರುವಂಥದನ್ನು ಬರೆಯಕೂಡದು ಎಂದು ನಿರ್ಧಾರವಾಯಿತು. ಯಾವುದು ಯಾವ ಬಗೆಯದೆಂದು ಪ್ರತಿಬಾರಿಯೂ ವಿವೇಚಿಸಬೇಕಾದ ಕಷ್ಟ ಉಳಿದೇ ಇದೆ. ಯಂತ್ರ ಆ ಕಷ್ಟವನ್ನು ತೆಗೆದುಕೊಳ್ಳುವುದಿಲ್ಲ. 2025ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯವು, ತನಿಖಾಧಿಕಾರಿಗಳು ವಕೀಲರ ಡಿಜಿಟಲ್ ಸಾಧನಗಳನ್ನು ಕೇಳುವುದಾದರೆ ಅವು ನ್ಯಾಯಾಲಯದ ಮುಂದೆಯೇ ಹಾಜರಾಗಬೇಕು, ಇತರ ಕಕ್ಷಿದಾರರ ಗೋಪ್ಯಕ್ಕೆ ಭಂಗ ಬರಬಾರದು ಎಂದು ವಿಧಿಸಿದಾಗ ಹಿರಿಯರಿಗೆ ಸಮಾಧಾನವಾಯಿತು. ಆದರೆ ಆ ತೀರ್ಪು ಮಾತನಾಡಿದ್ದು ವಕೀಲನ ಕೈಯಲ್ಲಿರುವ ಸಾಧನದ ವಿಷಯ. ದೂರದ ಕಟ್ಟಡದಲ್ಲಿರುವ ಪ್ರತಿಯ ವಿಷಯದಲ್ಲಿ ತಮ್ಮ ಎಚ್ಚರಿಕೆಯನ್ನು ಅವರು ಸಡಿಲಿಸಲಿಲ್ಲ.

ಗುಮಾಸ್ತರ ವಿಚಾರ ಹೇಳದೆ ಈ ವೃತ್ತಾಂತ ಪೂರ್ಣವಾಗದು. ತಾರೀಖುಗಳೆಲ್ಲ ಯಂತ್ರದಲ್ಲಿ ಬರುತ್ತವೆಂದ ಮೇಲೆ ತಮ್ಮ ಕೆಲಸವೇನೆಂದು ಅವರು ಕೇಳಲಿಲ್ಲ. ಆದರೆ ಕೆಲವು ದಿನ ಮಂಕಾಗಿದ್ದರು. ಡೈರಿಯನ್ನೂ ಯಂತ್ರವನ್ನೂ ಮೂರು ತಿಂಗಳು ಒಟ್ಟಿಗೆ ನಡೆಸಬೇಕೆಂದು ಹಿರಿಯರು ಮೊದಲೇ ಹೇಳಿದ್ದರು. ಎರಡನೆಯ ತಿಂಗಳಲ್ಲಿ ಒಂದು ಪ್ರಕರಣ ವಾದಕ್ಕೆ ಬಂದಿದೆಯೆಂದು ಯಂತ್ರ ತೋರಿಸಿತು. ಗುಮಾಸ್ತರು ನೋಡಿ, “ಸಾಹೇಬರ, ನಮ್ಮ ಕೇಸಿನ್ಯಾಗ ಇನ್ನೂ ಸಾಕ್ಷಿನ ಆಗಿಲ್ರಿ. ವಾದಕ್ಕ ಹ್ಯಾಂಗ ಹೋಗತೈತ್ರಿ? ಇದು ನಮ್ಮದಲ್ಲ” ಎಂದರು. ಸಿಎನ್‌ಆರ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ ಬೇರೆ ಯಾರದೋ ಪ್ರಕರಣದ ತಾರೀಖು ಬಂದಿತ್ತು. ನಿಜವಾದ ತಾರೀಖು ಅದಕ್ಕಿಂತ ನಾಲ್ಕು ದಿನ ಮೊದಲೇ ಇತ್ತು. ಅಂದು ಯಾರೂ ಹಾಜರಾಗದಿದ್ದರೆ ದಾವೆ ಗೈರುಹಾಜರಿಯಲ್ಲಿ ವಜಾ ಆಗುವ ಸಂಭವವಿತ್ತು. ಯಂತ್ರವು ತನಗೆ ಕೊಟ್ಟುದನ್ನು ಮರೆಯುವುದಿಲ್ಲ. ಆದರೆ ಕೊಟ್ಟುದು ಸರಿಯೇ ಎಂದು ಸಂಶಯಪಡುವ ಶಕ್ತಿ ಆ ಹೊತ್ತು ಅದಕ್ಕಿರಲಿಲ್ಲ. ಈಗ ಪ್ರತಿದಿನ ಸಂಜೆ ಮರುದಿನದ ಪಟ್ಟಿಯನ್ನು ನ್ಯಾಯಾಲಯದ ಪಟ್ಟಿಯೊಡನೆ ಹೋಲಿಸಿ ಅವರು ಒಪ್ಪಿಗೆಯ ಗುರುತು ಹಾಕಿದ ಮೇಲೆಯೇ ಕಚೇರಿ ಮುಚ್ಚುತ್ತದೆ.

ಬದಲಾವಣೆಯಿಂದ ಬಂದ ಹಿತವನ್ನೂ ಮರೆಮಾಚಬೇಕಾಗಿಲ್ಲ. ಉಚ್ಚ ನ್ಯಾಯಾಲಯದ ಪೀಠದಲ್ಲಿ ನ್ಯಾಯಮೂರ್ತಿಗಳು ಕೇಳಿದ ಕೆಳನ್ಯಾಯಾಲಯದ ಆದೇಶವನ್ನು ಕಿರಿಯ ವಕೀಲ ನಿಂತಲ್ಲಿಯೇ ತೆಗೆದು ಓದಬಲ್ಲ. ಕಕ್ಷಿದಾರರಿಂದ ಬಂದ ಹಣಕ್ಕೆ ಬೇರೆಯಾಗಿ ಲೆಕ್ಕವಿಡಬೇಕೆಂಬ ವಕೀಲರ ಪರಿಷತ್ತಿನ ನಿಯಮ ಈಗ ತಾನಾಗಿ ಪಾಲನೆಯಾಗುತ್ತದೆ. ಯಾರು ಕೇಳಿದರೂ ಅದೇ ದಿನ ಲೆಕ್ಕ ಕೊಡಬಹುದು. ಹೊಸ ಕಕ್ಷಿದಾರನ ಎದುರಾಳಿ ತಮ್ಮ ಹಳೆಯ ಕಕ್ಷಿದಾರನೇ ಎಂಬುದು ವಕಾಲತ್ತಿಗೆ ಸಹಿಯಾಗುವ ಮೊದಲೇ ತಿಳಿಯುತ್ತದೆ. ಇನ್ನೊಂದು ಕಡೆ, ವಿದ್ಯುತ್ತು ಹೋದಾಗ, ಇಂಟರ್ನೆಟ್ಟು ಕೈಕೊಟ್ಟಾಗ ಕಚೇರಿ ಕುರುಡಾಗುತ್ತದೆ; ಡೈರಿ ಅಂಥ ದಿನ ಮತ್ತೆ ಮೇಜಿನ ಮೇಲೆ ಬರುತ್ತದೆ. ಬಾಡಿಗೆ ಪ್ರತಿವರ್ಷ ಏರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ, ಕಾಗದ ಶ್ರೇಷ್ಠವೋ ಯಂತ್ರ ಶ್ರೇಷ್ಠವೋ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಮಳೆಗೆ ತೊಯ್ದ ವಾಟ್ನಿಪತ್ರ ಕಬ್ಬಿಣದ ಕಪಾಟಿನಲ್ಲಿತ್ತು. ತಪ್ಪು ತಾರೀಖು ಹೊಳೆಯುವ ಪರದೆಯಲ್ಲಿತ್ತು. ಧರ್ಮಶಾಸ್ತ್ರ ಪ್ರಮಾದವೆಂದು ಕರೆಯುವ ಮೈಮರೆವು ಎರಡು ಕಡೆಯೂ ಒಂದೇ ಬಗೆಯಾಗಿ ಕೆಲಸ ಮಾಡುತ್ತದೆ. ದ್ವೇಷವಿಲ್ಲದೆ, ದುರುದ್ದೇಶವಿಲ್ಲದೆ, ಕೇವಲ ನೋಡದೆ ಹೋದುದರಿಂದ ಪರರಿಗೆ ಆಗುವ ನೋವಿಗೆ ಲೋಕದಲ್ಲಿ ಲೆಕ್ಕವಿಲ್ಲ. ಸೌಲಭ್ಯ ಹೆಚ್ಚಿದಷ್ಟೂ ಮೈಮರೆಯುವ ಅವಕಾಶ ಹೆಚ್ಚುತ್ತದೆಯೆಂಬುದೇ ಈ ಕಾಲದ ವಿಶೇಷ. ವಕೀಲರಿಗೆ ಮಾತ್ರವಲ್ಲ, ರೋಗಿಯ ಕಾಗದವಿರಿಸಿಕೊಂಡ ವೈದ್ಯರಿಗೆ, ಠೇವಣಿಯ ಪುಸ್ತಕವಿರಿಸಿಕೊಂಡ ಸಹಕಾರಿ ಸಂಘಗಳಿಗೆ, ದಾನಿಗಳ ಪಟ್ಟಿಯಿರಿಸಿಕೊಂಡ ಬಸದಿಯ ಕಮಿಟಿಗಳಿಗೂ ಈ ಮಾತು ಸಲ್ಲುತ್ತದೆ.

ಆ ಕಚೇರಿಯಲ್ಲಿ ಈಗ ವರ್ಷಕ್ಕೊಂದು ದಿನ ಹೊಸ ಕೆಲಸ ಹಿಡಿಯುವುದಿಲ್ಲ. ಅಂದು ಯಂತ್ರದಲ್ಲಿರುವುದೆಲ್ಲ ಪೂರ್ತಿಯಾಗಿ ಹೊರಗೆ ಬರುತ್ತದೆಯೇ ಎಂದು ಒಮ್ಮೆ ತೆಗೆದು ಪರೀಕ್ಷಿಸುತ್ತಾರೆ. ಮುಗಿದ ಪ್ರಕರಣಗಳ ಮೂಲಪತ್ರಗಳನ್ನು ಹಿಂದಿರುಗಿಸಿ ರಸೀದಿ ಪಡೆದಿದೆಯೇ ಎಂದು ನೋಡುತ್ತಾರೆ. ಇಟ್ಟುಕೊಳ್ಳುವ ಅಗತ್ಯ ತೀರಿದ ಪ್ರತಿಗಳನ್ನು ಅಳಿಸುತ್ತಾರೆ. ಆಮೇಲೆ ಮಗಳು, ಯಾರ ಬಳಿ ಯಾವ ಕೀಲಿಯಿದೆಯೆಂಬ ಪಟ್ಟಿಯನ್ನು ಗುಮಾಸ್ತರಿಂದ ಹಿಡಿದು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾಳೆ. ಪಟ್ಟಿಯ ಕೊನೆಯ ಹೆಸರು ಕಂಪನಿಯದು. ಅದನ್ನು ಬಿಡದೆ ಓದಬೇಕೆಂಬುದು ಹಿರಿಯರ ಕಟ್ಟಪ್ಪಣೆ.